ಮಿಲಿಟರಿಯಿಂದ ಬಂದವರನ್ನು ಗೇಟಿಗೆ ಕೂರಿಸುವ ಮುಂಚೆ

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ, ಅಂದರೆ ಲೋಹದ ಎರಕದ ಕಾರ್ಖಾನೆ ಇದೆ. ನಲವತ್ತು ಜನ ಕೆಲಸಗಾರರು. ಜನ ತೆಗೆದುಕೊಳ್ಳುವುದು, ಸಂಬಳ, ರಜೆ, ಜಗಳ ಎಲ್ಲ ನನ್ನ ಪಾಲಿಗೆ. ಐದು ವರ್ಷದ ಹಿಂದೆ ಬೈಲಹೊಂಗಲ ಕಡೆಯ ಒಬ್ಬ ಹವಾಲ್ದಾರರು ಕೆಲಸ ಕೇಳಿಕೊಂಡು ಬಂದರು. ಹದಿನೇಳು ವರ್ಷ ಸರ್ವಿಸ್, ವಯಸ್ಸು ಮೂವತ್ತೇಳು. ಮಿಲಿಟರಿಯವರು ಅಲ್ವಾ ಅಂತ ಸೀದಾ ಗೇಟಿಗೆ ಹಾಕಿದೆ.

ಅವರ ಅರ್ಜಿಯಲ್ಲಿ ಟ್ರೇಡ್ ಅನ್ನುವ ಕಡೆ ‘ಎಸ್‌ಕೆಟಿ’ ಅಂತ ಇತ್ತು. ನನಗೆ ಅರ್ಥವಾಗಲಿಲ್ಲ, ಕೇಳಲೂ ಇಲ್ಲ.

ಎರಡು ತಿಂಗಳಾದ ಮೇಲೆ ಸ್ಕ್ರಾಪ್ ಬಿಲ್ ತಾಳೆ ನೋಡಲು ಗೇಟಿನ ರಿಜಿಸ್ಟರ್ ತರಿಸಿದೆ. ಸ್ಕೇಲ್ ಇಟ್ಟು ಎಳೆದ ಕೆಂಪು ಗೆರೆಗಳು. ಆರೂ ಹತ್ತಕ್ಕೆ ಬಂದ ಲಾರಿಗೆ 0610. ಒಳಗೆ ಬಂದಾಗಿನ ತೂಕ, ಹೊರಗೆ ಹೋದಾಗಿನ ತೂಕ, ಡ್ರೈವರ್ ಸಹಿ. ಒಂದೇ ಲಾರಿ ಮೂರು ಸಲ ಬಿಲ್ಲಿಗಿಂತ ಕಡಿಮೆ ಮಾಲು ಇಳಿಸಿ ಹೋಗಿದ್ದು ಅಲ್ಲೇ ಕಾಣುತ್ತಿತ್ತು. ‘ಬಾಯಿಬಿಟ್ಟು ಹೇಳಬಾರದಿತ್ತಾ?’ ಅಂದೆ. ‘ಬರೆದಿದ್ದೆನಲ್ಲ ಮೇಡಂ, ನೀವು ದಿನಾ ನೋಡ್ತೀರಿ ಅಂದ್ಕೊಂಡಿದ್ದೆ’ ಅಂದರು. ಎಸ್‌ಕೆಟಿ ಅಂದರೆ ಸ್ಟೋರ್ ಕೀಪರ್ ಟೆಕ್ನಿಕಲ್ ಅಂತ ಅವತ್ತು ತಿಳಿಯಿತು. ಮುಂದಿನ ವಾರವೇ ಸ್ಟೋರಿನ ಕೀಲಿ ಅವರ ಕೈಗೆ ಹೋಯಿತು.

ಹಾಗಾಗಿ ಮಾಜಿ ಸೈನಿಕರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಯೋಚನೆ ಇದ್ದರೆ, ಮೊದಲು ಡಿಸ್ಚಾರ್ಜ್ ಬುಕ್ ತರಲು ಹೇಳಿ. ಕೂತು ಓದಿ. ಟ್ರೇಡ್, ಮಾಡಿದ ಕೋರ್ಸ್‌ಗಳು, ಮೆಡಿಕಲ್ ಕ್ಯಾಟಗರಿ ಅದರಲ್ಲಿರುತ್ತವೆ. ಸೈನ್ಯದ ಇಎಂಇ ವಿಭಾಗದಲ್ಲಿದ್ದವರು ಗಾಡಿ, ಯಂತ್ರ ರಿಪೇರಿ ಮಾಡಿದವರು. ಸಿಗ್ನಲ್ಸ್ ಅಂದರೆ ರೇಡಿಯೊ, ಕೇಬಲ್. ಎಎಸ್‌ಸಿ ಅಂದರೆ ರೇಷನ್, ಡೀಸೆಲ್, ಸಾಗಾಟ. ಡಿಗ್ರಿ ಇಲ್ಲ ಅಂತ ಅರ್ಜಿ ಪಕ್ಕಕ್ಕಿಡಬೇಡಿ. ಮೆಟ್ರಿಕ್ ಪಾಸಾಗಿ 15 ವರ್ಷ ಸರ್ವಿಸ್ ಮುಗಿಸಿದವರನ್ನು ಕೇಂದ್ರ ಸರ್ಕಾರವೇ ಎಷ್ಟೋ ಗ್ರೂಪ್ ಸಿ ಹುದ್ದೆಗಳಿಗೆ ಪದವೀಧರರ ಸಮ ಅಂತ ಲೆಕ್ಕ ಹಿಡಿಯುತ್ತದೆ.

ಜನ ಬೇಕಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಒಂದು ಪತ್ರ ಕೊಡಿ, ಕೆಲಸ ಬೇಕಾದ ಮಾಜಿ ಸೈನಿಕರು ಅಲ್ಲಿ ಹೆಸರು ಬರೆಸಿರುತ್ತಾರೆ. ಊರಿನ ಮಾಜಿ ಸೈನಿಕರ ಸಂಘದ ವಾಟ್ಸಾಪ್ ಗುಂಪಿಗೆ ಹಾಕಿಸಿದರೆ ಇನ್ನೂ ಬೇಗ.

ಇಂಟರ್‌ವ್ಯೂನಲ್ಲಿ ಅವರು ತಮ್ಮ ಬಗ್ಗೆ ಹೇಳಿಕೊಳ್ಳುವುದು ಕಡಿಮೆ. ‘ಹೌದು ಸರ್’, ‘ಮಾಡ್ತೀನಿ ಸರ್’, ಅಷ್ಟೇ. ಪ್ರಶ್ನೆ ನೀವೇ ಬಿಡಿಸಿ ಕೇಳಬೇಕು. ಕೈಕೆಳಗೆ ಎಷ್ಟು ಜನ ಇದ್ದರು? ಎಷ್ಟು ಸಾಮಾನಿನ ಚಾರ್ಜ್ ನಿಮ್ಮ ಮೇಲಿತ್ತು? ಲೆಕ್ಕ ತಪ್ಪಿದಾಗ ಏನು ಮಾಡುತ್ತಿದ್ದಿರಿ? ‘ಎಷ್ಟು ಜನರನ್ನ ಹೊಡೆದ್ರಿ’ ಅನ್ನುವ ಪ್ರಶ್ನೆ ಮಾತ್ರ ಬೇಡ. ನಮ್ಮ ಆಫೀಸಿನಲ್ಲೇ ಒಬ್ಬ ಹುಡುಗ ಚಹಾ ಕುಡಿಯುತ್ತಾ ಹಾಗೆ ಕೇಳಿಬಿಟ್ಟ. ಹವಾಲ್ದಾರರು ನಕ್ಕು ಸುಮ್ಮನಾದರು. ಆದರೆ ಚಹಾ ಅರ್ಧಕ್ಕೇ ಇಟ್ಟು ಎದ್ದು ಹೋದರು.

ಸಂಬಳದ ವಿಷಯಕ್ಕೆ ಬಂದರೆ, ‘ಹೇಗೂ ಪೆನ್ಷನ್ ಬರುತ್ತಲ್ಲ’ ಅಂತ ಎರಡು ಸಾವಿರ ಕಡಿಮೆ ಮಾಡುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆಗಸ್ಟ್ 15ಕ್ಕೆ ಶಾಲು ಹೊದಿಸುವವರೂ ಇವರೇ! ಪೆನ್ಷನ್ ಅವರು ಆಗಲೇ ಮಾಡಿ ಮುಗಿಸಿದ ಕೆಲಸದ್ದು. ನಿಮ್ಮ ಕೆಲಸಕ್ಕೆ ನಿಮ್ಮ ಸಂಬಳ. (ಶಾಲಿನ ಮಾತು ಬಂತು ನೋಡಿ. ಮೆಡಲ್ ಹಾಕಿಕೊಂಡು ಬಂದು ಭಾಷಣ ಮಾಡಿ ಅನ್ನುವ ಮೊದಲು ಇಷ್ಟ ಇದೆಯಾ ಅಂತ ಕೇಳಿ. ನಮ್ಮ ಹವಾಲ್ದಾರರು ಬೇಡ ಅಂದರು.)

ನನಗೆ ಜಾಸ್ತಿ ಕಷ್ಟವಾಗಿದ್ದು ಮೊದಲ ಮೂರು ತಿಂಗಳು. ಮನೆ ವ್ಯವಹಾರ ಅಂದರೆ ಗೊತ್ತಲ್ಲ, ಬೆಳಿಗ್ಗೆ ಯಜಮಾನರು ಒಂದು ಹೇಳುತ್ತಾರೆ, ಮಧ್ಯಾಹ್ನ ಮೈದುನ ಇನ್ನೊಂದು, ಸಂಜೆ ನಾನು ಮತ್ತೊಂದು. ಹಳಬರು ಯಾರ ಮಾತು ಕೇಳಬೇಕು ಅಂತ ತಾವೇ ಅಂದಾಜು ಮಾಡಿಕೊಂಡಿದ್ದಾರೆ. ಇವರು ಮಾತ್ರ ನೇರ ಬಂದು ನಿಂತು, ‘ಮೇಡಂ, ಆರ್ಡರ್ ಯಾರದು?’ ಅಂದರು. ಒಂದು ಹಾಳೆಯಲ್ಲಿ ಬರೆದುಕೊಟ್ಟೆ: ಸ್ಟೋರಿನ ಮಾತು ನನ್ನ ಹತ್ತಿರ ಮಾತ್ರ, ಇಷ್ಟು ರೂಪಾಯಿಯವರೆಗೆ ಖರೀದಿ ನೀವೇ ಮಾಡಬಹುದು, ಸಹಿ ಇಲ್ಲದೆ ನನ್ನ ಮೈದುನ ಬಂದರೂ ಗ್ರೈಂಡಿಂಗ್ ವೀಲ್ ಕೊಡಬೇಡಿ. ಮೈದುನನಿಗೆ ಒಂದು ವಾರ ಸಿಟ್ಟಿತ್ತು.

ಇನ್ನೊಂದು ಕಡೆ ಹುಡುಗರ ಜೊತೆ ಕಿರಿಕಿರಿ. ಐದು ನಿಮಿಷ ತಡವಾಗಿ ಬಂದ ಮೋಲ್ಡರ್ ಒಬ್ಬನಿಗೆ ಎಲ್ಲರೆದುರು ಬೈದುಬಿಟ್ಟರು. ಅವನು ಮರುದಿನ ಬರಲೇ ಇಲ್ಲ. ನಾನು ಹವಾಲ್ದಾರರನ್ನು ಒಳಗೆ ಕರೆದು, ಇಲ್ಲಿ ಹುಡುಗರು ಸಿಗುವುದೇ ಕಷ್ಟ, ಬೈಯುವುದಿದ್ದರೆ ನನಗೆ ಹೇಳಿ ಅಂದೆ. ‘ಸರಿ ಮೇಡಂ’ ಅಂದರು, ಆಮೇಲೆ ಹಾಗೇ ನಡೆದುಕೊಂಡರು. ಇವರಿಗೆ ಸುತ್ತಿ ಬಳಸಿ ಹೇಳುವುದು ಬೇಕಾಗಿಲ್ಲ.

ರಜೆಯ ಮಾತನ್ನು ಮೊದಲ ದಿನವೇ ಆಡಿಬಿಡಿ. ಸೈನ್ಯದಲ್ಲಿ ವರ್ಷಕ್ಕೆ 60 ದಿನ ವಾರ್ಷಿಕ ರಜೆ, ಮೇಲೆ 30 ದಿನ ಕ್ಯಾಶುಯಲ್. ಅಲ್ಲಿಂದ ಬಂದವರಿಗೆ ನಮ್ಮ ರಜೆಯ ಪಟ್ಟಿ ತಮಾಷೆಯಂತೆ ಕಾಣುತ್ತದೆ. ಅಷ್ಟು ವರ್ಷ ಊರು ಬಿಟ್ಟವರಿಗೆ ಹೊಲದ ಪಾಲು, ಮನೆ ಕಟ್ಟಿಸುವುದು, ಮಕ್ಕಳ ಶಾಲೆ ಎಲ್ಲ ಒಟ್ಟಿಗೇ ತಲೆ ಮೇಲೆ ಬಿದ್ದಿರುತ್ತದೆ. ನಾನು ಮೊದಲ ವರ್ಷ ಸುಗ್ಗಿಗೆ ಹತ್ತು ದಿನ ಒಟ್ಟಿಗೆ ಕೊಟ್ಟೆ. ವರ್ಷಕ್ಕೊಮ್ಮೆ ಪೆನ್ಷನ್‌ಗೆ ಜೀವಿತ ಪ್ರಮಾಣಪತ್ರ ಕೊಡುವ ದಿನ, ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಆಸ್ಪತ್ರೆಗೆ ಹೋಗುವ ದಿನ ಮುಖ ಗಂಟು ಹಾಕದೆ ಕಳಿಸಿ.

ಮೈಯ ತೊಂದರೆ ಅವರಾಗಿ ಹೇಳುವುದಿಲ್ಲ. ಕರೆದರೆ ನಮ್ಮ ಹವಾಲ್ದಾರರು ತಿರುಗುತ್ತಿರಲಿಲ್ಲ, ಸೊಕ್ಕು ಅಂತ ಹುಡುಗರು ಆಡಿಕೊಂಡರು. ಎಡಗಿವಿ ಮಂದ ಅಂತ ಆಮೇಲೆ ಗೊತ್ತಾಯಿತು. ಈಗ ಅವರ ಮೇಜು ಫರ್ನೇಸಿನಿಂದ ದೂರ, ಬಾಗಿಲಿಗೆ ಬಲಗಿವಿ ಬರುವ ಹಾಗೆ ಇದೆ. ಖರ್ಚು ಸೊನ್ನೆ. ಮಂಡಿ ನೋವಿದ್ದವರಿಗೆ ಒಂದು ಸ್ಟೂಲ್ ಸಾಕಾಗಬಹುದು. ರಾತ್ರಿ ನಿದ್ದೆ ಬರುವುದಿಲ್ಲ ಅಂದವರಿಗೆ ಪಾಳಿ ಬದಲಿಸಿ ಕೊಡಿ, ಯಾಕೆ ಅಂತ ಕೆದಕಬೇಡಿ.

ಮುಂದೆ ಅಗ್ನಿವೀರರೂ ಬರುತ್ತಾರೆ. 2022ರ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷದ ಸರ್ವಿಸ್, ಆಮೇಲೆ ಶೇ 25ರವರೆಗೆ ಮಾತ್ರ ಉಳಿಸಿಕೊಳ್ಳುವುದು ಅಂತ ಇದೆ. ಹೊರಗೆ ಬರುವವರಿಗೆ ಪೆನ್ಷನ್ ಇಲ್ಲ. ಇವರಿನ್ನೂ ಇಪ್ಪತ್ತರ ಹರೆಯದ ಹುಡುಗರು. ನಮ್ಮಲ್ಲಿ ಸಿಎನ್‌ಸಿ (ಕಂಪ್ಯೂಟರ್‌ನಿಂದ ನಡೆಯುವ ಯಂತ್ರ) ಕಲಿಯಲು ಇಬ್ಬರು ಬೇಕು. ಗೇಟಿಗೆ ಬೇರೆಯವರನ್ನು ಹುಡುಕಿಕೊಂಡಿದ್ದೇನೆ, ರಿಜಿಸ್ಟರಿಗೆ ಗೆರೆ ಹೇಗೆ ಎಳೆಯಬೇಕು ಅಂತ ಅವರಿಗೆ ಹೇಳಿಕೊಟ್ಟಿದ್ದು ಹವಾಲ್ದಾರರೇ.