ಏಳುನೂರು ರೂಪಾಯಿಯ ಫೋನೋ ಬೋರ್ಡು, ಎರಡು ಯುಪಿಎಸ್ ಬ್ಯಾಟರಿ

ಸೋಮವಾರಪೇಟೆಯ ಬಳಿಯ ನಮ್ಮ ತೋಟದ ಮನೆಯಲ್ಲಿ ಕಳೆದ ಮಳೆಗಾಲವಿಡೀ ಫೋನೋ ಪ್ರೀಆಂಪ್ (ರೆಕಾರ್ಡಿನ ಸೂಜಿಯಿಂದ ಬರುವ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಪೆಟ್ಟಿಗೆ) ಬ್ಯಾಟರಿಯ ಮೇಲೆಯೇ ನಡೆಯಿತು. ನಾನು ಈ ಏರ್ಪಾಡು ಮಾಡಲು ಹೊರಟಾಗ ಹೆಂಡತಿಯ ತಮ್ಮ ನಕ್ಕಿದ್ದ: "ಕರೆಂಟು ಹೋದರೆ ಟರ್ನ್‌ಟೇಬಲ್ಲೇ ತಿರುಗೋದಿಲ್ಲ, ಇದೊಂದಕ್ಕೆ ಬ್ಯಾಟರಿ ಯಾಕೆ ಭಾವ?" ಆತನಿಗೆ ಉತ್ತರ ಕೊಡಲು ನನಗೆ ಒಂದೂವರೆ ವರ್ಷ ಹಿಡಿಯಿತು.

ಮೊದಲು ಕೊಂಡದ್ದು ಅಡಾಪ್ಟರ್‌ನೊಂದಿಗೆ ಬರುವ ಪುಟ್ಟ ಪೆಟ್ಟಿಗೆ, ಸುಮಾರು 2,200 ರೂಪಾಯಿ. ಸೂಜಿ ಇಳಿಸುವ ಮೊದಲೇ ಸ್ಪೀಕರಿನಲ್ಲಿ ದುಂಬಿ ಹೊಕ್ಕಂತೆ ಗುಂಯ್ ಎನ್ನುತ್ತಿತ್ತು. ರೆಕಾರ್ಡು ಕೊರೆಯುವಾಗ ತಗ್ಗಿಸಿದ ಮಂದ್ರವನ್ನು ಮರಳಿ ಎತ್ತುವ ಆರ್‌ಐಎಎ ತಿದ್ದುಪಡಿಯು 1 ಕಿಲೋಹರ್ಟ್ಸ್‌ಗೆ ಹೋಲಿಸಿದರೆ ಕರೆಂಟಿನ ಕಂಪನವಾದ 50 ಹರ್ಟ್ಸ್ ಅನ್ನು ಹೆಚ್ಚುಕಡಿಮೆ ಏಳು ಪಟ್ಟು ಎತ್ತುವುದರಿಂದ, ಮನೆಯ ವೈರಿಂಗಿನ ಸಣ್ಣ ದೋಷವೂ ಇಲ್ಲಿ ದೊಡ್ಡದಾಗಿಯೇ ಕೇಳುತ್ತದೆ. ಡಿಸೆಂಬರಿನಲ್ಲಿ ಕಾಫಿ ಹಣ್ಣು ಸುಲಿಯುವ ಪಲ್ಪರ್ ಮೋಟಾರು ಓಡಲು ತೊಡಗಿದ ಮೇಲಂತೂ ಕೇಳುವುದೇ ಬೇಡವೆನಿಸಿತು. ಎರಡನೆಯದಕ್ಕೆ 9,500 ತೆತ್ತೆ. ಗುಂಯ್ ಬಹುಪಾಲು ಅಡಗಿತು, ಆದರೆ ಪಿ. ಬಿ. ಶ್ರೀನಿವಾಸ್ ಅವರ ಇಪಿ (ಪುಟ್ಟ ರೆಕಾರ್ಡು) ಹಾಕಿದಾಗ ಪ್ರತಿ 'ಸ'ಕಾರವೂ ಕಿವಿಗೆ ಚುಚ್ಚಿತು. ಸೂಜಿ ಸವೆದಿದೆ ಎಂದುಕೊಂಡು ಹೊಸ ಸೂಜಿಗೂ ದುಡ್ಡು ಸುರಿದೆ, ಏನೂ ಬದಲಾಗಲಿಲ್ಲ. ಕೊನೆಗೆ ಆ ಪೆಟ್ಟಿಗೆಯನ್ನು ಮೈಸೂರಿನ ಸ್ನೇಹಿತರೊಬ್ಬರಿಗೆ ಆರು ಸಾವಿರಕ್ಕೆ ಕೊಟ್ಟು ಕೈತೊಳೆದುಕೊಂಡೆ.

ತಪ್ಪು ಸೂಜಿಯದಾಗಿರಲಿಲ್ಲ, ಕೆಪ್ಯಾಸಿಟೆನ್ಸಿನದಾಗಿತ್ತು, ಅಂದರೆ ತಂತಿ ಮತ್ತು ಬಿಡಿಭಾಗಗಳು ವಿದ್ಯುದಾವೇಶ ಹಿಡಿದಿಡುವ ಗುಣದ್ದು; ಅದರ ಅಳತೆ ಪಿಕೋಫ್ಯಾರಡ್. ನನ್ನ ಕಾರ್ಟ್ರಿಜ್ಜು (ಸೂಜಿ ಕೂರುವ ತಲೆ) ಆಡಿಯೋ-ಟೆಕ್ನಿಕಾ ವಿಎಂ95ಇ. ಅದು ಬಯಸುವುದು 100ರಿಂದ 200 ಪಿಕೋಫ್ಯಾರಡ್. ಪೆಟ್ಟಿಗೆಯೊಳಗಿನ 220, ಟೋನ್‌ಆರ್ಮ್‌ನ ತಂತಿ ಮತ್ತು ಉದ್ದನೆಯ ಕೇಬಲ್ ಎಲ್ಲ ಸೇರಿ ನನ್ನಲ್ಲಿ 450ರ ಹತ್ತಿರವಿತ್ತು. ಕಾರ್ಟ್ರಿಜ್ಜಿನ 550 ಮಿಲಿಹೆನ್ರಿ ಇಂಡಕ್ಟೆನ್ಸಿನ (ಅದರ ತಂತಿಸುರುಳಿಯ ಗುಣ) ಜೊತೆ ಲೆಕ್ಕ ಹಾಕಿದರೆ ಅನುರಣನ, ಅಂದರೆ ಧ್ವನಿ ಉಬ್ಬುವ ಜಾಗ, ಸರಿಯಾಗಿ 10 ಕಿಲೋಹರ್ಟ್ಸ್ ಆಸುಪಾಸಿನಲ್ಲಿ, ಸಕಾರದ ತಲೆಯ ಮೇಲೆಯೇ, ಕೂರುತ್ತದೆ. 200ಕ್ಕೆ ಇಳಿಸಿದರೆ ಅದು 15ರಾಚೆಗೆ ಸರಿಯುತ್ತದೆ. ಇಷ್ಟನ್ನು ತಿಳಿಯದೆ ಬೆಲೆಯನ್ನು ನೋಡಿ ಪ್ರೀಆಂಪ್ ಆರಿಸಿದ್ದು ನನ್ನ ದಡ್ಡತನ.

ಆಮೇಲೆ ಏಳುನೂರು ರೂಪಾಯಿಯ, ಎರಡು ಎನ್‌ಇ5532 ಐಸಿ (ಸಂಕೇತ ಹಿಗ್ಗಿಸುವ ಚಿಪ್) ಇರುವ ಸಾಮಾನ್ಯ ಬೋರ್ಡು ತರಿಸಿದೆ. ಕರೆಂಟಿನ ಗುಂಯ್ ಬಾರದಿರಲೆಂದು ಅದರ ಟ್ರಾನ್ಸ್‌ಫಾರ್ಮರನ್ನು ಮುಟ್ಟಲೇ ಇಲ್ಲ. 12 ವೋಲ್ಟ್, 7 ಆಂಪಿಯರ್-ಅವರ್‌ನ ಎರಡು ಯುಪಿಎಸ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ ನಡುವಿನ ಬಿಂದುವನ್ನು ಗ್ರೌಂಡ್ ಮಾಡಿದೆ. ಹನ್ನೆರಡೇ ವೋಲ್ಟು ಬರುವಲ್ಲಿ ವೋಲ್ಟೇಜನ್ನು ಸ್ಥಿರವಾಗಿಡುವ 7812 ಮತ್ತು 7912 ರೆಗ್ಯುಲೇಟರುಗಳಿಗೆ ಕೆಲಸವಿಲ್ಲವೆಂದು ಅವನ್ನೂ ಎಸಿಯನ್ನು ಡಿಸಿ ಮಾಡುವ ಬ್ರಿಡ್ಜನ್ನೂ ಕಿತ್ತು ನೇರ ತಂತಿ ಹಾಕಿದೆ. ಬ್ರಿಡ್ಜ್ ಹೋದ ಮೇಲೆ ಕಾವಲಿಲ್ಲವೆಂಬುದು ಮರೆತು ಒಂದು ರಾತ್ರಿ ಪ್ಲಸ್-ಮೈನಸ್ ಅದಲುಬದಲು ಮಾಡಿ ಎರಡೂ ಐಸಿಗಳನ್ನು ಸುಟ್ಟೆ. ಈಗ ಎರಡೂ ಕಡೆ ಫ್ಯೂಸ್ ಇದೆ; ಎರಡೂ ಬ್ಯಾಟರಿಗಳನ್ನು ಒಮ್ಮೆಗೇ ಕಡಿಯುವ ಸ್ವಿಚ್ಚೂ ಇದೆ.

ಡಬ್ಬಿಯಾಗಿ ಸಿಕ್ಕಿದ್ದು ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ. ಬಣ್ಣ ಕೆರೆದರೆ ಒಳಗಿನ ತಗಡಿಗೆ ಬೆಸುಗೆ ಬೆಣ್ಣೆಯಂತೆ ಹಿಡಿಯುತ್ತದೆ, ಅಲ್ಯೂಮಿನಿಯಮ್ಮಿನಲ್ಲಿ ಆ ಸುಖವಿಲ್ಲ. ಮುಚ್ಚಳದ ಅಂಚನ್ನೂ ನಾಲ್ಕು ಕಡೆ ಕೆರೆದಿದ್ದೇನೆ, ಇಲ್ಲವಾದರೆ ಮುಚ್ಚಿದರೂ ಹೊರಗಿನ ಗದ್ದಲಕ್ಕೆ ಅದು ತೆರೆದ ಡಬ್ಬಿಯೇ.

ಇನ್‌ಪುಟ್ಟಿನ ಕೆಪ್ಯಾಸಿಟರುಗಳನ್ನು ಪೂರ್ತಿ ತೆಗೆದು ಕೇಬಲನ್ನು ಅರ್ಧ ಮೀಟರಿಗೆ ಕತ್ತರಿಸಿದಾಗ ಸಕಾರವೇನೋ ಸರಿಹೋಯಿತು, ಆದರೆ ಹಾಡು ಹಾಡಿನ ನಡುವಿನ ಮೌನದಲ್ಲಿ ಯಾರೋ ಗುಸುಗುಸು ಮಾತಾಡತೊಡಗಿದರು. ಕಿವಿಗೊಟ್ಟು ಕೇಳಿದರೆ ಮಡಿಕೇರಿ ಆಕಾಶವಾಣಿ! ಪ್ರತಿ ಚಾನೆಲ್ಲಿಗೆ 47 ಪಿಕೋಫ್ಯಾರಡ್ ಮರಳಿ ಹಾಕಿ, ತಂತಿಗೊಂದು ರೇಡಿಯೋ ಅಲೆ ತಡೆಯುವ ಫೆರೈಟ್ ಮಣಿ ಪೋಣಿಸಿದ ಮೇಲೆ ನಿಲಯ ಮೌನವಾಯಿತು. ಟರ್ನ್‌ಟೇಬಲ್ಲಿನ ಗ್ರೌಂಡ್ ತಂತಿಯನ್ನು ಡಬ್ಬಿಯ ಯಾವ ಬಿಂದುವಿಗೆ ಬೆಸೆಯಬೇಕೆಂದು ಕಂಡುಕೊಳ್ಳಲು ಮೂರು ಭಾನುವಾರ ಹೋದವು. ಆ ಜಾಗವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ 5532ರ ಬದಲು ಒಪಿಎ2134 ಐಸಿ ಹಾಕಿ ನೋಡುವ ಚಪಲವೂ ಬಂತು. ಒಂದು ಜೋಡಿ ನಕಲಿ ಬಂದು ಕೈಕೊಟ್ಟಿತು. ಅಸಲಿ ಜೋಡಿ ತರಿಸಿ ಹಾಕಿದಾಗ ವ್ಯತ್ಯಾಸ ನನಗೆ ಕೇಳಿಸಿತು, ಹೆಂಡತಿಗೆ ಕೇಳಿಸಲಿಲ್ಲ. ಮರುದಿನ ಅವಳು ಹೇಳದೆಯೇ ಐಸಿ ಬದಲಿಸಿ ಹಾಡು ಹಾಕಿದಾಗ ನನಗೂ ಕೇಳಿಸಲಿಲ್ಲ. 5532 ವಾಪಸು ಬಂತು.

ಎರಡು ಐಸಿಗಳು ಸೇರಿ ಕುಡಿಯುವುದು 16 ಮಿಲಿಆಂಪಿಯರ್‌ನಷ್ಟು. ದಿನಕ್ಕೆ ಎರಡು ಗಂಟೆ ಕೇಳಿದರೂ ಎರಡು ತಿಂಗಳಲ್ಲಿ ಬ್ಯಾಟರಿಯ ಮೂರನೇ ಒಂದಂಶವೂ ಖಾಲಿಯಾಗುವುದಿಲ್ಲ. ಆಗ ಬಿಚ್ಚಿ ಒಂದೊಂದನ್ನೇ ಬೇರೆಯಾಗಿ ಚಾರ್ಜ್ ಮಾಡುತ್ತೇನೆ. ಬ್ಯಾಟರಿ ಸಮೇತ ಒಟ್ಟು ಖರ್ಚು ಮೂರು ಸಾವಿರದೊಳಗೆ. ಮೊನ್ನೆ ಪಲ್ಪರ್ ಓಡುತ್ತಿರುವಾಗಲೇ ಭಾಮೈದನನ್ನು ಕೂರಿಸಿ ವಾಲ್ಯೂಮ್ ಪೂರ್ತಿ ಏರಿಸಿದೆ. ಆತ ಸ್ಪೀಕರಿಗೆ ಕಿವಿಯಾನಿಸಿ, "ಆನ್ ಆಗಿದೆಯಾ ಭಾವ?" ಎಂದು ಕೇಳಿದ. ನಾನು ಸೂಜಿ ಇಳಿಸಿದೆ.