ಮೊದಲ ಮಳೆಗೆ ಹೆಸರು ಬಿತ್ತುವುದನ್ನು ನಾನು ಬಿಟ್ಟಿದ್ದು

ನನ್ನ ತವರು ಮಂಡ್ಯ ಕಡೆಯ ನಾಲೆ ಬಯಲು. ಅಲ್ಲಿ ಬೇಸಾಯದ ಮಾತು ಶುರುವಾಗುವುದೇ ಕನ್ನಂಬಾಡಿ ಕಟ್ಟೆಯಲ್ಲಿ ಎಷ್ಟು ಅಡಿ ನೀರಿದೆ ಅನ್ನುವುದರಿಂದ. 124.80 ಅಡಿ ತುಂಬಿತು ಅಂದರೆ ಊರಿಗೆ ಊರೇ ನೆಮ್ಮದಿ. ಮದುವೆಯಾಗಿ ತಿಪಟೂರು ತಾಲೂಕಿನ ಈ ಊರಿಗೆ ಬಂದಾಗ ಇಲ್ಲಿ ಎಲ್ಲರೂ ಆಕಾಶ ನೋಡುತ್ತಿದ್ದರು. ನಮ್ಮದು ಒಂದು ಎಕರೆ ತೆಂಗು, ಮೂರು ಎಕರೆ ಕೆಂಪು ಮಣ್ಣಿನ ಹೊಲ. ಹೊಲಕ್ಕೆ ಮಳೆ ಬಿಟ್ಟರೆ ಬೇರೆ ನೀರಿಲ್ಲ.

ಈ ಸೀಮೆಯಲ್ಲಿ ಒಂದೇ ಹೊಲದಲ್ಲಿ ಎರಡು ಬೆಳೆ ತೆಗೆಯುವ ಹಳೇ ಲೆಕ್ಕ ಇದೆ. ಯುಗಾದಿ ಆದ ಮೇಲೆ ಬೀಳುವ ಮಳೆಗೆ ಹೆಸರು, ಉದ್ದು, ಅಲಸಂದೆ, ಎಳ್ಳು ಹಾಕುತ್ತಾರೆ. ಜುಲೈ ಹೊತ್ತಿಗೆ ಅದು ಮನೆಗೆ ಬಂದರೆ ಅದೇ ಹೊಲಕ್ಕೆ ರಾಗಿ. ಹೆಸರು 65-70 ದಿನದ ಬೆಳೆ. ರಾಗಿ ಮನೆ ಊಟಕ್ಕೆ, ಹೆಸರು ಕೈಗೆ ನಾಲ್ಕು ಕಾಸು ಕಾಣುವುದಕ್ಕೆ. ಕೇಳೋದಕ್ಕೆ ಸುಲಭ ಅನ್ನಿಸುತ್ತದೆ ಅಲ್ವಾ? ಇದರಲ್ಲಿ ಕಷ್ಟ ಇರುವುದು ಒಂದೇ ಕಡೆ. ಚೈತ್ರ, ವೈಶಾಖದ ಯಾವ ಮಳೆಗೆ ಬೀಜ ಬಿಡಬೇಕು ಅನ್ನುವ ತೀರ್ಮಾನದಲ್ಲಿ.

ಮನೆಯವರು ಲಾರಿ ಓಡಿಸಲು ಹೊರಗೆ ಹೋಗಿದ್ದ ಒಂದು ವರ್ಷ ಆ ತೀರ್ಮಾನ ನನ್ನ ತಲೆಗೆ ಬಂತು. ಅಶ್ವಿನಿ ಮಳೆ, ಅಂದರೆ ಏಪ್ರಿಲ್ ಮಧ್ಯಕ್ಕೆ ಶುರುವಾಗುವ ನಕ್ಷತ್ರದ ಮಳೆ, ಹುಟ್ಟಿ ನಾಲ್ಕನೇ ದಿನ. ಸಂಜೆ ಗಾಳಿ ಎದ್ದು, ಗುಡುಗಿ, ಅರ್ಧ ಗಂಟೆ ಜೋರಾಗಿ ಸುರಿಯಿತು. ಬೆಳಿಗ್ಗೆ ಎದ್ದರೆ ನೆಲವೆಲ್ಲ ಕಪ್ಪಗೆ, ಘಮ್ಮೆನ್ನುವ ವಾಸನೆ. ಅಂಗಳದ ಬಕೆಟ್ ಅರ್ಧ ತುಂಬಿತ್ತು. ನಾನು ಟ್ರ್ಯಾಕ್ಟರ್‌ಗೆ ಫೋನ್ ಮಾಡಿದೆ. ಅತ್ತೆ ಒಂದೇ ಮಾತು ಹೇಳಿದರು: "ಅಗೆದು ನೋಡ್ದೇನವ್ವಾ?" ನಾನು ನೋಡಿರಲಿಲ್ಲ. ನೆಲ ನೆನೆದಿರುವುದು ಕಣ್ಣಿಗೇ ಕಾಣುತ್ತಿತ್ತಲ್ಲ ಅಂದುಕೊಂಡೆ. ಎಕರೆಗೆ ಆರು ಕಿಲೋದಂತೆ ಮೂರು ಎಕರೆಗೂ ಬಿತ್ತಿಸಿಬಿಟ್ಟೆ.

ನಾಲ್ಕನೇ ದಿನಕ್ಕೆ ಮೊಳಕೆ ಬಂತು. ಸಾಲು ಸಾಲಾಗಿ ಹಸಿರು ಕಂಡಾಗ ಆದ ಖುಷಿ ಇನ್ನೂ ನೆನಪಿದೆ. ಆಮೇಲೆ ಹತ್ತೊಂಬತ್ತು ದಿನ ಒಂದು ಹನಿ ಬೀಳಲಿಲ್ಲ. ಮಧ್ಯಾಹ್ನ ಸೊರಗುವ ಸಸಿ ಸಂಜೆಗೆ ಸ್ವಲ್ಪ ತಲೆ ಎತ್ತುತ್ತಿತ್ತು. ಹನ್ನೊಂದನೇ ದಿನದಿಂದ ಎತ್ತಲಿಲ್ಲ. ಅತ್ತೆ ಕುಡಗೋಲಿನ ತುದಿಯಿಂದ ಒಂದು ಸಸಿಯ ಬುಡ ಕೆದಕಿ ತೋರಿಸಿದರು. ಮೇಲೆ ನಾಲ್ಕು ಬೆರಳು ಮಣ್ಣು ಮಾತ್ರ ಪುಡಿಪುಡಿ. ಅದರ ಕೆಳಗೆ ಮಾಗಿಯಿಂದ ಹಾಗೇ ಒಣಗಿ ಕಲ್ಲಾಗಿದ್ದ ನೆಲ. ಬೇರು ಆ ಗಟ್ಟಿ ನೆಲಕ್ಕೆ ಬಂದು, ಇಳಿಯಲಾರದೆ ಪಕ್ಕಕ್ಕೆ ಬಾಗಿತ್ತು. ಮಳೆ ಆ ನಾಲ್ಕು ಬೆರಳನ್ನು ಮಾತ್ರ ನೆನೆಸಿತ್ತು. ಮಿಕ್ಕಿದ್ದೆಲ್ಲ ಹರಿದು ಹಳ್ಳ ಸೇರಿತ್ತು.

ಆ ವರ್ಷದಿಂದ ನಾನು ಈ ಮಳೆಗಳನ್ನು ಬೇರೆಯಾಗಿ ನೋಡಲು ಕಲಿತೆ. ಬೇಸಿಗೆಯ ಈ ಮಳೆ ಸೋನೆ ಮಳೆ ಅಲ್ಲ. ಹಗಲಿಡೀ ನೆಲ ಕಾಯುತ್ತದೆ, ಕಾದ ಗಾಳಿ ಮೇಲೇಳುತ್ತದೆ. ಮಧ್ಯಾಹ್ನ ಮೂರು ನಾಲ್ಕು ಗಂಟೆಗೆ ಮೋಡ ಗೋಪುರದ ಹಾಗೆ ಬೆಳೆಯುತ್ತದೆ. ಸುರಿದರೆ ಒಂದೇ ಸಲ ಧೋ ಎಂದು ಸುರಿದು ಮುಗಿಯಿತು. ನಮ್ಮ ಹೊಲಕ್ಕೆ ಬಿದ್ದರೆ ಕೆರೆ ಆಚೆ ಹೊಲಕ್ಕೆ ಇಲ್ಲ. ಮಾರನೇ ದಿನ ಮತ್ತೆ 36 ಡಿಗ್ರಿ ಬಿಸಿಲು, ಮೇಲೆ ಒಣ ಗಾಳಿ. ಹಾಗಾಗಿ ಏಪ್ರಿಲ್‌ನ 20 ಮಿಲಿಮೀಟರ್ ಮಳೆಗೂ ಜುಲೈನ 20 ಮಿಲಿಮೀಟರ್ ಮಳೆಗೂ ತುಂಬಾ ವ್ಯತ್ಯಾಸ. ಜುಲೈನಲ್ಲಿ ಮೋಡ ಮುಚ್ಚಿರುತ್ತದೆ, ತೇವ ಉಳಿಯುತ್ತದೆ. ಏಪ್ರಿಲ್‌ನದು ಮೂರು ದಿನಕ್ಕೆ ಆರಿಹೋಗುತ್ತದೆ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಎಂದು ಹಿರಿಯರು ಭರಣಿಯನ್ನೇ ಹೊಗಳಿದ್ದು ಸುಮ್ನೆ ಅಲ್ಲ. ಏಪ್ರಿಲ್ 27ರ ಸುಮಾರಿಗೆ ಭರಣಿ ಹುಟ್ಟುವ ಹೊತ್ತಿಗೆ ರೇವತಿ, ಅಶ್ವಿನಿ ಮಳೆಗಳು ನೆಲವನ್ನು ಒಂದಿಷ್ಟು ನೆನೆಸಿರುತ್ತವೆ. ಅದರ ಮೇಲೆ ಬಿದ್ದ ಭರಣಿಯ ನೀರು ಕೆಳಗೆ ಇಳಿಯುತ್ತದೆ.

ಈಗ ನಾನು ಮಾಡುವುದು ಹೀಗೆ. ಶಿವರಾತ್ರಿ ಸುತ್ತಮುತ್ತ ಒಂದು ಹನಿ ಬಿದ್ದರೂ ಸಾಕು, ಇಳಿಜಾರಿಗೆ ಅಡ್ಡಲಾಗಿ ಒಂದು ಉಕ್ಕೆ (ಒಂದು ಸಲದ ಉಳುಮೆ) ಹೊಡೆಸುತ್ತೇನೆ. ಅಡ್ಡ ಸಾಲು ಬಿದ್ದರೆ ನೀರು ಓಡುವುದಿಲ್ಲ, ನಿಂತು ಇಂಗುತ್ತದೆ. ಯುಗಾದಿಗೆ ಹೊನ್ನಾರು ಕಟ್ಟುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಎತ್ತು ಈಗ ನಮ್ಮ ಮನೆಯಲ್ಲಿ ಇಲ್ಲ. ದಾಯಾದಿಗಳ ಎತ್ತು ತಂದು, ನೇಗಿಲಿಗೆ ಪೂಜೆ ಮಾಡಿ, ನಾಲ್ಕು ಸುತ್ತು ಉಳುತ್ತೇವೆ. ಆಮೇಲೆ ಬೀಳುವ ಪ್ರತಿ ಮಳೆಗೂ ಎರಡನೇ ದಿನ ಮೇಲೆ ಮೇಲೆ ಹಲುಬೆ (ಮಣ್ಣು ಕೆದಕುವ ಹಲ್ಲಿನ ಸಲಕರಣೆ) ಆಡಿಸುತ್ತೇನೆ. ಮೇಲಿನ ಎರಡು ಬೆರಳು ಮಣ್ಣು ಹುಡಿಯಾಗಿ ಹಾಸಿಕೊಂಡರೆ ಕೆಳಗಿನ ತೇವ ಆರುವುದು ನಿಧಾನ. ಇದಕ್ಕೆ ರೋಟವೇಟರ್ ಹಾಕಿಸಬೇಡಿ. ಮಣ್ಣು ಹಿಟ್ಟಾಗಿಬಿಡುತ್ತದೆ. ಆಮೇಲೆ ಒಂದು ಜೋರು ಮಳೆ ಬಿದ್ದರೆ ಸಾಕು, ಹಪ್ಪಳದ ಹಾಗೆ ಗಟ್ಟಿಯಾಗಿ ನೀರೇ ಕುಡಿಯುವುದಿಲ್ಲ.

ಅಂಗಳದ ಬಕೆಟ್ ಬಿಟ್ಟು ಮಳೆ ಅಳೆಯುವ ಪ್ಲಾಸ್ಟಿಕ್ ಮಾಪಕ ತಂದು ಹೊಲದ ಬದುವಿಗೆ ನೆಟ್ಟಿದ್ದೇನೆ. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಎಕರೆಗೆ ಸುಮಾರು ನಾಲ್ಕು ಸಾವಿರ ಲೀಟರ್ ನೀರು. ಹತ್ತು ದಿನದೊಳಗೆ ಎಲ್ಲ ಸೇರಿ 50 ಮಿಲಿಮೀಟರ್ ದಾಟಬೇಕು. ಅಲ್ಲಿಯವರೆಗೆ ನಾನು ಬೀಜದ ಚೀಲ ಬಿಚ್ಚುವುದಿಲ್ಲ. ದಾಟಿದ ಮೇಲೂ ಹೊಲದಲ್ಲಿ ಐದು ಕಡೆ ಗುದ್ದಲಿ ಹಾಕುತ್ತೇನೆ. ಒಂದು ಗೇಣು ಆಳಕ್ಕೆ ತೇವ ಇಳಿದಿರಬೇಕು. ಆ ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆ ಕಟ್ಟಬೇಕು. ಸೊಂಟದ ಎತ್ತರದಿಂದ ಕೈ ಬಿಟ್ಟರೆ ನೆಲಕ್ಕೆ ಬಿದ್ದು ಒಡೆಯಬೇಕು. ಉಂಡೆಯೇ ಆಗದಿದ್ದರೆ ಇನ್ನೊಂದು ಮಳೆ ಬೇಕು. ಒಡೆಯದೆ ಚಪ್ಪಟೆಯಾದರೆ, ಇಲ್ಲವೇ ಒತ್ತುವಾಗಲೇ ಅಂಗೈಗೆ ಮೆತ್ತಿದರೆ ಇನ್ನೊಂದು ದಿನ ಬಿಸಿಲು ಬೇಕು. ಇದನ್ನೇ ನಮ್ಮ ಕಡೆ ಹದ ಅನ್ನುತ್ತಾರೆ. ಹೋಬಳಿ ಮಳೆ ವಿಚಾರ, ಮುಂದಿನ ಮೂರು ನಾಲ್ಕು ದಿನದ ಮುನ್ಸೂಚನೆ ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿದರೆ ಸಿಗುತ್ತದೆ. ಅದನ್ನೂ ಕೇಳುತ್ತೇನೆ. ಆದರೆ ಕೊನೇ ಮಾತು ಗುದ್ದಲಿಯದೇ.

ಹದ ಸಿಕ್ಕಿದ ದಿನ ಬೆಳಿಗ್ಗೆ ಐದಕ್ಕೇ ಕೆಲಸ ಶುರು. ಬೆಲ್ಲ ಕುದಿಸಿ ಆರಿಸಿದ ಪಾಕವನ್ನು ಬೀಜಕ್ಕೆ ಚಿಮುಕಿಸಿ, ರೈಜೋಬಿಯಂ ಪುಡಿ (ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಜೀವಾಣು ಗೊಬ್ಬರ) ಹಾಕಿ, ಗೋಣಿಯ ಎರಡು ತುದಿ ಹಿಡಿದು ಅತ್ತಿತ್ತ ಹೊರಳಿಸುತ್ತೇವೆ. ಹಸಿರು ಕಾಳಿನ ಮೇಲೆ ಕಪ್ಪು ಪುಡಿ ಸಣ್ಣಗೆ ಅಂಟಿಕೊಳ್ಳುತ್ತದೆ. ಹಿಚುಕಬಾರದು, ಸಿಪ್ಪೆ ಏಳುತ್ತದೆ. ಆಮೇಲೆ ಅರ್ಧ ಗಂಟೆ ನೆರಳಲ್ಲಿ ಆರಿಸಬೇಕು. ಬಿಸಿಲಿಗೆ ಹಾಕಿದರೆ ಅದರೊಳಗಿನ ಜೀವಾಣು ಸತ್ತುಹೋಗುತ್ತವೆ, ಮಾಡಿದ್ದೆಲ್ಲ ದಂಡ. ಸಾಲಿಗೆ ಸಾಲು ಒಂದು ಅಡಿ, ಆಳ ಎರಡು ಬೆರಳಿನಷ್ಟು. ತಳಿ ವಿಚಾರಕ್ಕೆ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ನೋಡಿ. ನಾನು ಕೆಲವು ವರ್ಷದಿಂದ ಕೆಕೆಎಂ-3 ಹಾಕುತ್ತಿದ್ದೇನೆ.

ಬಿತ್ತಿದ ರಾತ್ರಿಯೇ ಹೊಡೆಮಳೆ ಬಂದರೆ? ನನಗೆ ಎರಡು ಸಲ ಹಾಗಾಗಿದೆ. ಕೆಂಪು ಮಣ್ಣು ಮೇಲೆ ಹೆಪ್ಪುಗಟ್ಟಿ, ಮೊಳಕೆ ಒಳಗೇ ಕೊರಳು ಬಾಗಿಸಿಕೊಂಡು ಕೂತುಬಿಡುತ್ತದೆ. ಅಂಥ ಹೊಲದಲ್ಲಿ ಬಗ್ಗಿ ನೋಡಿದರೆ ಸಾಲಿನುದ್ದಕ್ಕೂ ಸಣ್ಣ ಸಣ್ಣ ಬಿರುಕು ಕಾಣುತ್ತವೆ, ಒಳಗಿನಿಂದ ಯಾರೋ ತಳ್ಳುತ್ತಿರುವ ಹಾಗೆ. ಆಗ ಕಾಯಬಾರದು. ಜಾಲಿ ಮುಳ್ಳಿನ ನಾಲ್ಕೈದು ಕೊಂಬೆ ಕಟ್ಟಿ, ಹಗುರವಾಗಿ ಸಾಲಿನ ಮೇಲೆ ಎಳೆಯಬೇಕು. ಹಪ್ಪಳ ಒಡೆಯುತ್ತದೆ, ಎರಡೇ ದಿನದಲ್ಲಿ ಸಸಿ ತಲೆ ಹೊರಗೆ ಹಾಕುತ್ತದೆ. ಕೊಂಬೆಯ ಮೇಲೆ ಕಲ್ಲಿನ ಭಾರ ಇಡಬೇಡಿ, ಮೊಳಕೆ ಮುರಿಯುತ್ತದೆ.

ಮೊಳೆತ ಮೇಲೆ ಹವಾಮಾನದ ಆಟ ಮುಗಿಯಿತು ಅಂತ ಅಲ್ಲ. 2022ರಲ್ಲಿ ಏಪ್ರಿಲ್ 28ಕ್ಕೆ ಬಿತ್ತಿದ್ದೆ, ಚೆನ್ನಾಗಿ ಹುಟ್ಟಿತ್ತು. ಮೇ ಮೂರನೇ ವಾರ ಬಿಡದೆ ಮಳೆ. ಹೊಲದ ಕೆಳಗಿನ ಮೂಲೆಯಲ್ಲಿ ಮೂರು ದಿನ ನೀರು ನಿಂತಿತು. ಆ ಕಾಲು ಎಕರೆಯ ಗಿಡ ಬೇರಿಗೆ ಗಾಳಿಯಾಡದೆ ಹಳದಿಯಾಗಿ ಹೋಯಿತು. ಮೇಲಿನ ಗಿಡ ಮೊಣಕಾಲು ದಾಟಿ ಬೆಳೆದರೂ ಬರೀ ಎಲೆ, ಕಾಯಿ ಕಡಿಮೆ. ಈಗ ಬಿತ್ತುವ ದಿನವೇ ಆ ಮೂಲೆಯಿಂದ ಬದುವಿನ ಆಚೆಗೆ ಒಂದು ಕಾಲುವೆ ತೋಡಿಸಿಬಿಡುತ್ತೇನೆ.

2024ರಲ್ಲಿ ಪೂರ್ತಿ ತಿರುಗುಮುರುಗು. ಹಿಂದಿನ ವರ್ಷದ ಬರದಲ್ಲಿ ನೆಲದ ಒಳಗೂ ತೇವ ಇರಲಿಲ್ಲ. ಏಪ್ರಿಲ್ ಪೂರ್ತಿ ಉರಿ ಬಿಸಿಲು. ಅಕ್ಕಪಕ್ಕದವರು ಬೀಜ ತಂದಿಟ್ಟುಕೊಂಡು ಆಕಾಶ ನೋಡುತ್ತಾ ಕೂತರು. ನಾನು ಮೇ 14ಕ್ಕೆ, ಕೃತ್ತಿಕೆ ಮಳೆಗೆ ಬಿತ್ತಿದೆ. ಒಣ ಬಿಸಿಲು ಜಾಸ್ತಿ ಇದ್ದ ವರ್ಷ ಬಿಳಿ ನೊಣವೂ ಜಾಸ್ತಿ. ಅವು ಎಲೆಯ ಅಡಿಯಲ್ಲಿ ಕೂತು ರಸ ಹೀರುತ್ತಾ ಗಿಡದಿಂದ ಗಿಡಕ್ಕೆ ಹಳದಿ ನಂಜು ರೋಗ ದಾಟಿಸುತ್ತವೆ. ಎಲೆಯಲ್ಲಿ ಮೊದಲು ಅರಿಶಿನ ಚೆಲ್ಲಿದ ಹಾಗೆ ಚುಕ್ಕೆ, ವಾರದಲ್ಲಿ ಇಡೀ ಎಲೆ ಹಳದಿ. ಒಮ್ಮೆ ಬಂದ ಗಿಡಕ್ಕೆ ಔಷಧಿ ಇಲ್ಲ. ನಾನೂ ಅತ್ತೆಯೂ ಮೊದಲ ತಿಂಗಳು ದಿನಾ ಬೆಳಿಗ್ಗೆ ಸಾಲು ಸುತ್ತಿ, ಹಳದಿ ಕಂಡ ಗಿಡ ಕಿತ್ತು ಮಣ್ಣಲ್ಲಿ ಹೂತೆವು. ಹಳದಿ ಅಂಟು ಹಾಳೆ ಕೋಲಿಗೆ ಕಟ್ಟಿ ಅಲ್ಲಲ್ಲಿ ನಿಲ್ಲಿಸಿದೆವು. ಎಕರೆಗೆ ಎರಡು ಕ್ವಿಂಟಾಲ್ ಬಂತು. ಒಳ್ಳೇ ವರ್ಷದಲ್ಲಿ ಮೂರೂವರೆ ಬರುತ್ತದೆ. ಆ ವರ್ಷ ಬೆಂಬಲ ಬೆಲೆ ಕ್ವಿಂಟಾಲಿಗೆ 8,682 ರೂಪಾಯಿ ಇತ್ತು. ನನ್ನ ಕಾಳಿನಲ್ಲಿ ತೇವ ಜಾಸ್ತಿ ಇದೆ ಅಂತ ವ್ಯಾಪಾರಿ ಅದಕ್ಕಿಂತ ಕಡಿಮೆಗೇ ಕೇಳಿದರು. ತಿರುಗಿ ಮನೆಗೆ ತಂದು ಮೂರು ಬಿಸಿಲು ಒಣಗಿಸಿ ಕೊಟ್ಟೆ. ಅದರಿಂದ ಅನುಕೂಲವೇ ಆಯಿತು.

ಕುಯಿಲಿನ ಹೊತ್ತಿಗೆ ಮತ್ತೆ ಮಳೆಯದೇ ಯೋಚನೆ. ಹೆಸರು ಕಾಯಿಗೆ ಒಂದು ಕೆಟ್ಟ ಗುಣ ಇದೆ. ಒಣಗಿದ ಮೇಲೆ ಎರಡು ಮೂರು ದಿನ ಮಳೆ ಹಿಡಿದರೆ ಗಿಡದ ಮೇಲೆಯೇ, ಕಾಯಿಯ ಒಳಗೇ ಮೊಳಕೆ ಒಡೆಯುತ್ತದೆ. ಏಪ್ರಿಲ್ ಕೊನೆಗೆ ಬಿತ್ತಿದ್ದು ಜುಲೈ ಮೊದಲ ವಾರ ಕುಯಿಲಿಗೆ ಬರುತ್ತದೆ, ಅಂದರೆ ಆರಿದ್ರೆ ಮಳೆಯ ಕೊನೆ. ಆದ್ದರಿಂದ ಮುಕ್ಕಾಲು ಪಾಲು ಕಾಯಿ ಕಪ್ಪಾದ ಕೂಡಲೇ ಒಂದು ಸಲ ಬಿಡಿಸುತ್ತೇವೆ. ಎಂಟು ದಿನ ಬಿಟ್ಟು ಉಳಿದದ್ದು. ಕೂಲಿ ಜಾಸ್ತಿ ಆಗುತ್ತದೆ, ನಿಜ. ಆದರೆ ಒಂದೇ ಸಲ ಕೀಳೋಣ ಎಂದು ಕಾದು, ಮೊಳಕೆ ಬಂದ ಕಾಳನ್ನು ಹಸುವಿಗೆ ಹಾಕಿದ ಮನೆಗಳನ್ನು ನಾನು ನೋಡಿದ್ದೇನೆ.

ಇನ್ನೊಂದು ಮಾತು, ಇದನ್ನು ಮಾತ್ರ ದಯವಿಟ್ಟು ಕಿವಿಗೆ ಹಾಕಿಕೊಳ್ಳಿ. ಏಪ್ರಿಲ್, ಮೇ ತಿಂಗಳ ಮಳೆಯಲ್ಲಿ ಸಿಡಿಲು ಜಾಸ್ತಿ. ನಮ್ಮೂರಲ್ಲಿ ತೆಂಗಿನ ಮರಕ್ಕೆ ಕಟ್ಟಿದ್ದ ಒಂದು ಜೊತೆ ಎತ್ತು ಸಿಡಿಲಿಗೆ ಹೋದವು. ಬಿತ್ತನೆ ಅರ್ಧಕ್ಕೆ ನಿಂತರೂ ಸರಿ, ಗುಡುಗು ಕೇಳಿಸಿದರೆ ಮನೆಗೆ ಬಂದುಬಿಡಿ. ಮರದ ಕೆಳಗೆ ನಿಲ್ಲಬೇಡಿ. ಫೋನಿನಲ್ಲಿ ದಾಮಿನಿ ಆ್ಯಪ್ ಹಾಕಿಕೊಂಡರೆ ಹತ್ತಿರದಲ್ಲಿ ಸಿಡಿಲು ಇದೆಯಾ ಅಂತ ತಿಳಿಯುತ್ತದೆ.

ಮೇ 20ರವರೆಗೂ ಹದ ಸಿಗದಿದ್ದರೆ ನಾನು ಹೆಸರು ಬಿತ್ತುವುದೇ ಇಲ್ಲ. ಅದಕ್ಕಿಂತ ತಡವಾದರೆ ಹೆಸರು ಬಿಡಿಸಿ ಹೊಲ ಹದ ಮಾಡುವ ಹೊತ್ತಿಗೆ ಆಗಸ್ಟ್ ಆಗುತ್ತದೆ, ರಾಗಿಯ ಕಾಲ ಕೆಡುತ್ತದೆ. ನಾವು ಹಾಕುವ ಜಿಪಿಯು-28 ರಾಗಿಗೆ 110-115 ದಿನ ಬೇಕು. ಜುಲೈ ಕೊನೆಗೆ ಬಿದ್ದರೆ ತೆನೆ ಕಟ್ಟುವಾಗ ಹಿಂಗಾರಿನ ನೀರು ಸಿಗುತ್ತದೆ. ಹೆಸರು ತಪ್ಪಿದ ವರ್ಷ ತಡವಾಗಿ ಬಂದ ಮಳೆಗೆ ಹಸಿರೆಲೆ ಗೊಬ್ಬರದ ಅಪ್ಸೆಣಬು ಚೆಲ್ಲಿ, ಹೂ ಬರುವಾಗ ಉತ್ತು ಮಣ್ಣಿಗೆ ಸೇರಿಸುತ್ತೇನೆ. ಆ ವರ್ಷ ಹೆಸರಿನ ಕಾಸು ಇಲ್ಲ, ಆದರೆ ರಾಗಿಗೆ ಗೊಬ್ಬರದ ಖರ್ಚು ಕಡಿಮೆ. ಹೆಸರು ಬೆಳೆದ ವರ್ಷವೂ ಕಾಯಿ ಬಿಡಿಸಿದ ಗಿಡವನ್ನು ಹೊಲಕ್ಕೇ ಉಳಿಸುತ್ತೇನೆ. ಆ ಸಾಲುಗಳಲ್ಲಿ ರಾಗಿ ಪೈರು ಕಡು ಹಸಿರಾಗಿ ಏಳುವುದನ್ನು ನೋಡುವುದೇ ಚೆಂದ.

ಅತ್ತೆಗೆ ಈಗ ಹೊಲದವರೆಗೆ ನಡೆಯಲು ಆಗುವುದಿಲ್ಲ. ಮಳೆ ಬಿದ್ದ ಮಾರನೇ ದಿನ ಗುದ್ದಲಿ ಹಾಕಿದ ಕಡೆಯಿಂದ ಒಂದು ಹಿಡಿ ಮಣ್ಣನ್ನು ಎಲೆಯಲ್ಲಿ ಕಟ್ಟಿ ತರುತ್ತೇನೆ. ಜಗಲಿಯ ಮೇಲೆ ಕೂತು ಒತ್ತಿ ನೋಡುತ್ತಾರೆ. ಮೊನ್ನೆ ಅಶ್ವಿನಿ ಮಳೆ 14 ಮಿಲಿಮೀಟರ್ ಆಗಿತ್ತು. ಮಣ್ಣು ಅವರ ಬೆರಳ ಸಂದಿಯಿಂದ ಜಾರಿ ಮಡಿಲಿಗೆ ಬಿತ್ತು. "ಇನ್ನೊಂದ್ ಮಳೆ ಬರ್ಲಿ ಕಣವ್ವ" ಅಂದರು. ಬೀಜದ ಚೀಲ ಇನ್ನೂ ಅಟ್ಟದ ಮೇಲೇ ಇದೆ.