ಮೆಶುಗ್ಗಾ ಕೇಳೋದು ಹೇಗೆ: ಮೊದಲು ಸಿಂಬಲ್ ಹಿಡಿಯಿರಿ

ನಾನು ಮೈಸೂರಿನಲ್ಲಿ ಡ್ರಮ್ಸ್ ಹೇಳಿಕೊಡುತ್ತೇನೆ. ಮೆಟಲ್ ಇಷ್ಟಪಡುವ ಹುಡುಗರು ಕ್ಲಾಸಿಗೆ ಬಂದರೆ ಒಂದಲ್ಲ ಒಂದು ದಿನ ಮೆಶುಗ್ಗಾ ಅನ್ನುವ ಮೆಟಲ್ ಬ್ಯಾಂಡಿನ ಹೆಸರು ಎತ್ತುತ್ತಾರೆ. "ಸರ್, ಇದರಲ್ಲಿ ತಾಳ ಎಲ್ಲಿದೆ?" ಅಂತ ಕೇಳುತ್ತಾರೆ. ತಾಳ ಇದೆ, ಬಹಳ ಗಟ್ಟಿಯಾಗಿದೆ. ಆದರೆ ಅದನ್ನು ಗಿಟಾರಿನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಸ್ವೀಡನ್ನಿನ ಉಮಿಯೊ ಊರಿನ ಈ ಬ್ಯಾಂಡ್ 1987ರಲ್ಲಿ ಶುರುವಾಯಿತು. ಮೊದಲ ಆಲ್ಬಮ್‌ನಿಂದಲೇ ಕೇಳುತ್ತಾ ಬರಬೇಕಿಲ್ಲ. 2002ರ 'ನಥಿಂಗ್' ಆಲ್ಬಮ್ ತೆಗೆದುಕೊಳ್ಳಿ, ಅದರಲ್ಲಿ 'ರ‍್ಯಾಷನಲ್ ಗೇಜ್' ಹಾಕಿ. ಫೋನಿನ ಸ್ಪೀಕರ್ ಬೇಡ, ಒಳ್ಳೆಯ ಹೆಡ್‌ಫೋನ್ ಇರಲಿ. ಇವರ ಗಿಟಾರಿನ ದನಿ ಹೆಚ್ಚುಕಡಿಮೆ ಬೇಸ್ ಗಿಟಾರಿನಷ್ಟು ಕೆಳಗಿರುತ್ತದೆ. ಸಣ್ಣ ಸ್ಪೀಕರಿನಲ್ಲಿ ಅರ್ಧ ಸಂಗೀತವೇ ಮಾಯ.

ಈಗ ಗಿಟಾರನ್ನು ಅದರ ಪಾಡಿಗೆ ಬಿಡಿ. ಮುಖ್ಯ ರಿಫ್‌ನಲ್ಲಿ (ಗಿಟಾರ್ ಮತ್ತೆ ಮತ್ತೆ ನುಡಿಸುವ ತುಣುಕು) ಡ್ರಮ್ಮರ್ ಥಾಮಸ್ ಹಾಕೆ ಸಿಂಬಲ್ ಮೇಲೆ, ಅಂದರೆ ಲೋಹದ ತಟ್ಟೆಯ ಮೇಲೆ, ಒಂದೇ ಸಮ ಬಾರಿಸುತ್ತಿರುತ್ತಾರೆ. ಅದಕ್ಕೆ ತೊಡೆಯ ಮೇಲೆ ಆದಿತಾಳ ಹಾಕಿ, ಒಂದು ಏಟಿಗೆ ಒಂದು ಅಕ್ಷರ: ಒಂದು ಪೆಟ್ಟು, ಕಿರುಬೆರಳಿಂದ ಮೂರು ಬೆರಳೆಣಿಕೆ, ಆಮೇಲೆ ಎರಡು ದ್ರುತ (ಒಂದೊಂದರಲ್ಲೂ ಒಂದು ಪೆಟ್ಟು, ಒಂದು ತಿರುವು), ಒಟ್ಟು ಎಂಟು. ಸ್ನೇರ್ ಡ್ರಮ್ಮಿನ ಏಟು ಸರಿಯಾಗಿ ನಿಮ್ಮ ಉಂಗುರ ಬೆರಳಿಗೆ ಬೀಳುತ್ತದೆ, ಮತ್ತೆ ಎರಡನೇ ದ್ರುತದ ಪೆಟ್ಟಿಗೆ ಬೀಳುತ್ತದೆ. ಇಷ್ಟು ಕೈಗೆ ಬರುವವರೆಗೆ ಮುಂದೆ ಹೋಗಬೇಡಿ. ಅವಸರವೇನಿದೆ?

ತಾಳ ಕೈಗೆ ಕೂತ ಮೇಲೆ ಗಿಟಾರ್ ಕೇಳಿ. ಒಂದೊಂದು ಏಟನ್ನೂ ಎರಡು ಭಾಗ ಮಾಡಿದರೆ, ಗಿಟಾರಿನ ರಿಫ್ 25 ಭಾಗದ್ದು. 25 ಬೆಸಸಂಖ್ಯೆ ಅಲ್ವಾ? ಹಾಗಾಗಿ ಎರಡನೇ ಸಲ ಅದೇ ರಿಫ್ ಏಟಿನ ಮೇಲೆ ಶುರುವಾಗದೆ, ಎರಡು ಏಟುಗಳ ನಡುವೆ ಶುರುವಾಗುತ್ತದೆ. ನುಡಿಸುವುದು ಅದನ್ನೇ, ಕಿವಿಗೆ ಮಾತ್ರ ಬೇರೆಯೇ ಕೇಳುತ್ತದೆ. ಐದು ಸಲ ನುಡಿಸಿದರೆ 125. ಕೊನೆಗೆ 3 ಸೇರಿಸುತ್ತಾರೆ, 128. ಅಂದರೆ 64 ಏಟು, ಆದಿತಾಳದ ಎಂಟು ಆವರ್ತನ (ಸುತ್ತು). ಅಲ್ಲಿ ಗಿಟಾರೂ ಸಿಂಬಲ್ಲೂ ಒಟ್ಟಿಗೆ ಸಮಕ್ಕೆ, ಅಂದರೆ ಆವರ್ತನದ ಮೊದಲ ಏಟಿಗೆ, ಬಂದು ಕೂರುತ್ತವೆ. ಮೃದಂಗದ ತನಿಯಲ್ಲಿ (ಒಂಟಿ ನುಡಿಕೆಯಲ್ಲಿ) ಮುಕ್ತಾಯಕ್ಕೆ ಕಾದು ಕೂತವರಿಗೆ ಈ ಸುಖ ಹೊಸದೇನಲ್ಲ. ಹಾಕೆಯ ಕಾಲು ಗಿಟಾರಿನ ಜೊತೆ, ಕೈ ತಾಳದ ಜೊತೆ. ಒಬ್ಬರೇ ಎರಡೂ ಕಡೆ ನಿಂತು ನುಡಿಸುತ್ತಿದ್ದಾರೆ! ಇಷ್ಟು ವರ್ಷ ಕಲಿಸಿದ ಮೇಲೂ ನನಗೆ ಇದು ಅದ್ಭುತ ಅನ್ನಿಸುತ್ತದೆ.

ಗಾಯಕ ಯೆನ್ಸ್ ಕಿಡ್‌ಮನ್ ಕಿರುಚುವುದು ಬಹಳ ಜನಕ್ಕೆ ತಡೆ. ಅದರಲ್ಲಿ ರಾಗ ಹುಡುಕಬೇಡಿ, ಇನ್ನೊಂದು ತಾಳವಾದ್ಯ ಅಂದುಕೊಂಡು ಕೇಳಿ. ಗಿಟಾರಿಸ್ಟ್ ಫ್ರೆಡ್ರಿಕ್ ಥೋರ್ಡೆಂಡಾಲ್ ಅವರ ಸೋಲೋಗಳದ್ದು ಬೇರೆ ದಾರಿ. ಅಲನ್ ಹೋಲ್ಡ್ಸ್‌ವರ್ತ್ ಅವರ ಜಾಝ್ ಗಿಟಾರಿನ ನೆರಳು ಅಲ್ಲಿ ಜಾಸ್ತಿ. ಅಲ್ಲಿ ಎಣಿಸಲು ಹೋಗದೆ ಸುಮ್ನೆ ಕೇಳಿ.

ಆಮೇಲೆ 2008ರ 'ಆಬ್‌ಜೆನ್' ಆಲ್ಬಮ್‌ನ 'ಬ್ಲೀಡ್'. ಏಳು ನಿಮಿಷ ದಾಟುವ ಹಾಡು. ಎಲ್ಲರೂ ಮೊದಲು ಇದನ್ನೇ ಕೇಳಿಸುತ್ತಾರೆ, ನನಗೆ ಅದು ಸರಿ ಅನ್ನಿಸುವುದಿಲ್ಲ. ಕಾಲಿನ ವೇಗಕ್ಕೆ ಬೆರಗಾಗಿ ಕೈಯನ್ನು ಮರೆತುಬಿಡುತ್ತೇವೆ. ಇಲ್ಲೂ ಕೈಯನ್ನೇ ಹಿಡಿಯಿರಿ.

2005ರ 'ಕ್ಯಾಚ್ ಥರ್ಟಿಥ್ರೀ' ಕೊನೆಗಿರಲಿ. ಹೆಸರಿಗೆ 13 ಟ್ರ್ಯಾಕ್, ನಿಜಕ್ಕೂ ಸುಮಾರು 47 ನಿಮಿಷದ ಒಂದೇ ರಚನೆ. ಶಫಲ್ ಆಫ್ ಮಾಡಿ, ಟ್ರ್ಯಾಕುಗಳ ನಡುವೆ ಗ್ಯಾಪ್ ಬಾರದಂತೆ ಸೆಟ್ಟಿಂಗ್ ನೋಡಿಕೊಂಡು, ಒಂದೇ ಪಟ್ಟಿಗೆ ಕೂತು ಕೇಳಿ.